ಅಂತರಜಾಲವೂ ಪ್ರಜಾಪ್ರಭುತ್ವವೂ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಉಪನ್ಯಾಸಮಾಲೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಲಿಖಿತ ರೂಪ)



ಉಪನ್ಯಾಸಮಾಲೆಯ ವಿಷಯಗಳನ್ನು ಹಂಚಿದ ಸಮಿತಿಯವರು ದೇವಾಲಯದ ಚರಿತ್ರೆಯನ್ನೂ ಹಿರಿಯರ ಸ್ಮರಣೆಯನ್ನೂ ಇತರರಿಗೆ ವಹಿಸಿ, ಅಂತರಜಾಲ ಮತ್ತು ಪ್ರಜಾಪ್ರಭುತ್ವವೆಂಬ ವಿಷಯವನ್ನು ನನ್ನ ಪಾಲಿಗೆ ಬಿಟ್ಟಿದ್ದಾರೆ. ಅರವತ್ತು ದಾಟಿದ ಗುರುವಿಗೆ ಇದೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು, ನನಗೂ ಅನ್ನಿಸಿತು. ಆದರೆ ಯೋಚಿಸಿ ನೋಡಿದಾಗ ಸಮಿತಿಯವರ ಆಯ್ಕೆಯಲ್ಲಿ ಅರ್ಥವಿದೆ ಎಂದು ತೋರಿತು. ಇಂದಿನ ಯುವಕರಿಗೆ ಈ ಸಾಧನದ ಬಳಕೆ ಕರತಲಾಮಲಕ. ಅದು ಇಲ್ಲದಿದ್ದ ಕಾಲದಲ್ಲಿ ರಾಜಕೀಯ ಹೇಗೆ ನಡೆಯುತ್ತಿತ್ತೆಂಬುದನ್ನು ಮಾತ್ರ ಅವರು ಕಂಡಿಲ್ಲ. ಎರಡನ್ನೂ ಕಂಡವರು ನಮ್ಮ ತಲೆಮಾರಿನವರು.

ನಾನು ಸೆಮಿನರಿಯಲ್ಲಿದ್ದ ದಿನಗಳಲ್ಲಿ ನಮ್ಮ ವಾಚನಾಲಯಕ್ಕೆ ಎರಡೇ ದಿನಪತ್ರಿಕೆಗಳು ಬರುತ್ತಿದ್ದವು. ಆಕಾಶವಾಣಿ ಸರ್ಕಾರದ ಕೈಯಲ್ಲಿತ್ತು. ಅದಕ್ಕೂ ಕೆಲವು ವರ್ಷಗಳ ಹಿಂದೆ, 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯನ್ನು ಹೇರಿದಾಗ, ದೆಹಲಿಯ ಬಹಾದುರ್ ಷಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳಿಗೆ ಬರುತ್ತಿದ್ದ ವಿದ್ಯುತ್ತನ್ನು ಕಡಿದುಹಾಕಲಾಗಿತ್ತು. ಒಂದು ಬೀದಿಯ ದೀಪ ಆರಿಸಿದರೆ ದೇಶದ ಬಾಯಿಗೆ ಬೀಗ ಹಾಕಬಹುದಾಗಿದ್ದ ಕಾಲವದು. ಮಾತನಾಡುವವರು ಕೆಲವರು, ಕೇಳುವವರು ಕೋಟ್ಯಂತರ ಮಂದಿ. ಹಳ್ಳಿಯ ಒಬ್ಬ ಸಾಮಾನ್ಯನಿಗೆ ರಾಜ್ಯಾಡಳಿತದ ವಿಷಯದಲ್ಲಿ ತನ್ನ ಅಭಿಪ್ರಾಯವನ್ನು ತಿಳಿಸಲು ಇದ್ದದ್ದು ಐದು ವರ್ಷಕ್ಕೊಮ್ಮೆ ಬರುವ ಮತಪೆಟ್ಟಿಗೆ, ಇಲ್ಲವೇ ಪತ್ರಿಕೆಯ ವಾಚಕರವಾಣಿಗೆ ಬರೆಯುವ ಕಾಗದ. ಆ ಕಾಗದ ಅಚ್ಚಾಗುವುದು ಸಂಪಾದಕರ ಕೃಪೆ.

ಈ ಏಕಮುಖ ವ್ಯವಸ್ಥೆಯನ್ನು ಅಂತರಜಾಲವು ಬುಡಮೇಲು ಮಾಡಿತೆಂಬುದರಲ್ಲಿ ಸಂದೇಹವಿಲ್ಲ. ಅದರ ಉಪಕಾರವನ್ನು ಮೊದಲು ಹೇಳುವುದು ನ್ಯಾಯ. 2002ರ ಮೇ 2ರಂದು ಸರ್ವೋಚ್ಚ ನ್ಯಾಯಾಲಯವು, ಚುನಾವಣೆಗೆ ನಿಲ್ಲುವ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಮೇಲಿರುವ ಕ್ರಿಮಿನಲ್ ಮೊಕದ್ದಮೆಗಳು, ಆಸ್ತಿ, ಸಾಲ ಮತ್ತು ವಿದ್ಯಾಭ್ಯಾಸದ ವಿವರಗಳನ್ನು ಪ್ರಕಟಪಡಿಸಬೇಕೆಂದು ತೀರ್ಪಿತ್ತಿತು. ಸಂಸತ್ತು ಕಾನೂನಿಗೆ ತಿದ್ದುಪಡಿ ತಂದು ಅದನ್ನು ಸಡಿಲಗೊಳಿಸಲು ನೋಡಿತು; 2003ರ ಮಾರ್ಚ್‌ನಲ್ಲಿ ನ್ಯಾಯಾಲಯವು ಆ ತಿದ್ದುಪಡಿಯನ್ನೇ ತಳ್ಳಿಹಾಕಿತು. ಈ ಪ್ರಮಾಣಪತ್ರಗಳು ಕಾಗದದ ಮೇಲೆಯೇ ಉಳಿದಿದ್ದರೆ ಚುನಾವಣಾಧಿಕಾರಿಯ ಕಚೇರಿಯ ಬೀರುವಿನಲ್ಲಿ ಧೂಳು ತಿನ್ನುತ್ತಿದ್ದವು. ಇಂದು ಅವು ಚುನಾವಣಾ ಆಯೋಗದ ತಾಣದಲ್ಲಿ ಸಿಗುತ್ತವೆ. ನಮ್ಮ ಕ್ಷೇತ್ರದ ಅಭ್ಯರ್ಥಿಗಳ ಪ್ರಮಾಣಪತ್ರವನ್ನು ತಮ್ಮಲ್ಲಿ ಎಷ್ಟು ಮಂದಿ ತೆರೆದು ಓದಿದ್ದೀರೆಂದು ಕೈಯೆತ್ತಿಸುವುದಿಲ್ಲ, ಸಂಕೋಚಪಡಬೇಕಾದೀತು.

ನಮ್ಮ ರಾಜ್ಯದ ರೈತರಿಗೆ ಇನ್ನೊಂದು ಉದಾಹರಣೆ ಹೆಚ್ಚು ಪರಿಚಿತ. ಪಹಣಿಗಾಗಿ ಗ್ರಾಮಲೆಕ್ಕಿಗರ ಮನೆಬಾಗಿಲು ಕಾಯುತ್ತಿದ್ದ ದಿನಗಳನ್ನು ಹಿರಿಯರು ಮರೆತಿರಲಾರರು. 'ಭೂಮಿ' ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತವಾದ ಮೇಲೆ ಆ ಕಾಯುವಿಕೆ ಬಹುಮಟ್ಟಿಗೆ ತಪ್ಪಿತು. ಇದು ರಾಜಕೀಯವೇ ಎಂದು ಕೇಳಬಹುದು. ದಾಖಲೆ ಯಾರ ಕೈಯಲ್ಲಿದೆಯೋ ಅವರ ಮುಂದೆ ಜನ ಕೈಕಟ್ಟಿ ನಿಲ್ಲುತ್ತಾರೆ. ಹಾಗೆ ನಿಂತವನಿಗೆ ಗ್ರಾಮಸಭೆಯಲ್ಲಿ ಎದ್ದು ಪ್ರಶ್ನೆ ಕೇಳುವ ಧೈರ್ಯ ಎಲ್ಲಿಂದ ಬರಬೇಕು?

ಬೆಂಗಳೂರಿನ ಉಕ್ಕಿನ ಸೇತುವೆಯ ಪ್ರಸಂಗವೂ ಸ್ಮರಣಾರ್ಹ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 1,800 ಕೋಟಿ ರೂಪಾಯಿ ವೆಚ್ಚದಲ್ಲಿ, 800ಕ್ಕೂ ಮಿಕ್ಕಿದ ಮರಗಳನ್ನು ಕಡಿದು ಮೇಲ್ಸೇತುವೆ ಕಟ್ಟುವ ಪ್ರಸ್ತಾವ ಬಂದಾಗ, ನಗರವಾಸಿಗಳು ಮೊದಲು ಫೋನುಗಳ ಮೂಲಕ ಪರಸ್ಪರ ಸಂಪರ್ಕಕ್ಕೆ ಬಂದರು. 2016ರ ಅಕ್ಟೋಬರ್ 16ರಂದು ಸಾವಿರಾರು ಮಂದಿ ರಸ್ತೆಬದಿಯಲ್ಲಿ ಕೈಕೈ ಹಿಡಿದು ಮಾನವ ಸರಪಳಿಯಾಗಿ ನಿಂತರು. ಕೆಲವರು ನ್ಯಾಯಪೀಠದ ಮೊರೆಹೋದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಸೇತುವೆ ಬೇಕಿತ್ತೇ ಬೇಡವಾಗಿತ್ತೇ ಎಂಬ ಚರ್ಚೆಯನ್ನು ಇಂಜಿನಿಯರುಗಳಿಗೆ ಬಿಡುತ್ತೇನೆ. ನಾನು ಗಮನಿಸಿದ್ದಿಷ್ಟು: ಫೋನಿನಲ್ಲಿ ಒಂದಾದವರು ಫೋನನ್ನು ಜೇಬಿಗೆ ಹಾಕಿಕೊಂಡು ಬಿಸಿಲಿಗೆ ಬಂದು ನಿಂತರು. ಹಾಗೆ ಬರದೆ ಬೆರಳೊತ್ತುತ್ತಲೇ ಕುಳಿತಿದ್ದರೆ ಕಡತ ತನ್ನ ದಾರಿಯಲ್ಲಿ ಮುಂದೆ ಸಾಗುತ್ತಿತ್ತು.

ಬೆರಳೊತ್ತುವುದೂ ಪಾಲುಗೊಳ್ಳುವಿಕೆಯೇ ಎಂಬ ಪ್ರಶ್ನೆಗೆ ಇನ್ನೂ ಸೂಕ್ಷ್ಮವಾದ ಒಂದು ಪರೀಕ್ಷೆ 2015ರಲ್ಲಿ ನಡೆಯಿತು. ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಲು ಅನುಮತಿಯಿರಲಿ. ಅಂತರಜಾಲದಲ್ಲಿ ಎಲ್ಲ ತಾಣಗಳಿಗೂ ಸಮಾನ ದಾರಿ ಇರಬೇಕೇ, ಅಥವಾ ದೂರವಾಣಿ ಕಂಪನಿಗಳು ಕೆಲವಕ್ಕೆ ಕಡಿಮೆ ದರ, ಕೆಲವಕ್ಕೆ ಹೆಚ್ಚು ದರ ವಿಧಿಸಬಹುದೇ ಎಂಬ ವಿಷಯದಲ್ಲಿ ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಆ ವರ್ಷದ ಮಾರ್ಚ್‌ನಲ್ಲಿ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಿತು. ಇಂತಹ ಕಡತಗಳಿಗೆ ಸಾಮಾನ್ಯವಾಗಿ ಉತ್ತರಿಸುವವರು ಕಂಪನಿಗಳ ವಕೀಲರು. ಈ ಬಾರಿ ಸ್ವಯಂಸೇವಕರ ಒಂದು ಗುಂಪು, ಪ್ರಾಧಿಕಾರದ 20 ಪ್ರಶ್ನೆಗಳಿಗೂ ಉತ್ತರದ ಕರಡನ್ನು ಸಿದ್ಧಪಡಿಸಿ ಜನರ ಮುಂದಿಟ್ಟಿತು. ಕೆಲವೇ ವಾರಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಮಿಂಚಂಚೆಗಳು ಪ್ರಾಧಿಕಾರಕ್ಕೆ ಹೋದವು. (ಪ್ರಾಧಿಕಾರವು ಅವುಗಳನ್ನು ಪ್ರಕಟಿಸುವಾಗ ಬರೆದವರ ವಿಳಾಸಗಳನ್ನೂ ಸೇರಿಸಿ ಪ್ರಕಟಿಸಿ ಟೀಕೆಗೆ ಗುರಿಯಾಯಿತು. ಪ್ರಜೆಗಳು ಬಾಯಿ ತೆರೆದರೆ ಎಷ್ಟು ಗಲಿಬಿಲಿ ನೋಡಿ!)

ಅದೇ ವರ್ಷದ ಕೊನೆಯಲ್ಲಿ ಎರಡನೆಯ ಸುತ್ತು ಬಂತು. ಫೇಸ್‌ಬುಕ್ ಕಂಪನಿಯು 'ಫ್ರೀ ಬೇಸಿಕ್ಸ್' ಎಂಬ ಯೋಜನೆಯನ್ನು ಮುಂದಿಟ್ಟಿತ್ತು: ಬಡವರಿಗೆ ಉಚಿತ ಅಂತರಜಾಲ, ಆದರೆ ಅದರೊಳಗೆ ಬರಬೇಕಾದ ತಾಣಗಳು ಕಂಪನಿಯ ಷರತ್ತಿಗೆ ಒಳಪಟ್ಟವು. ಊರಿನ ದಾರಿಯನ್ನು ಉಚಿತವಾಗಿ ಹಾಕಿಸಿಕೊಟ್ಟು, ಆ ದಾರಿ ಯಾವ ಯಾವ ಅಂಗಡಿಗೆ ಹೋಗಬೇಕೆಂಬುದನ್ನು ತಾನೇ ನಿಶ್ಚಯಿಸುವ ಧರ್ಮದಾನಿಯಂತೆ. ಈ ಯೋಜನೆಯ ಪರವಾಗಿ ಕಂಪನಿಯು ತನ್ನ ಬಳಕೆದಾರರ ಮುಂದೆ ಸಿದ್ಧ ಪತ್ರವೊಂದನ್ನು ಇಟ್ಟಿತು. ಬೆರಳೊತ್ತಿದರೆ ಪತ್ರ ಪ್ರಾಧಿಕಾರಕ್ಕೆ ಹೋಗುತ್ತಿತ್ತು. ಒಟ್ಟು ಸುಮಾರು 24 ಲಕ್ಷ ಅಭಿಪ್ರಾಯಗಳು ಬಂದವು. ಅವುಗಳಲ್ಲಿ ಬಹುಪಾಲು ಕೇಳಿದ ಪ್ರಶ್ನೆಗಳಿಗೆ ಉತ್ತರವೇ ಆಗಿರಲಿಲ್ಲ. ಸಾರ್ವಜನಿಕ ಸಮಾಲೋಚನೆಯನ್ನು ತಲೆ ಎಣಿಸುವ ಮತಗಣನೆಯಾಗಿ ಮಾಡಲು ಹೊರಟಿರುವುದು ಸರಿಯಲ್ಲವೆಂಬ ಅರ್ಥದಲ್ಲಿ ಪ್ರಾಧಿಕಾರವು ಕಂಪನಿಗೆ ಕಟುವಾಗಿಯೇ ಬರೆಯಿತು. 2016ರ ಫೆಬ್ರವರಿ 8ರಂದು, ತಾಣದಿಂದ ತಾಣಕ್ಕೆ ದರಭೇದ ಮಾಡುವುದನ್ನು ನಿಷೇಧಿಸಿ ನಿಯಮ ಹೊರಟಿತು. ಆ ತಿಂಗಳೇ ಕಂಪನಿಯು ಯೋಜನೆಯನ್ನು ಭಾರತದಿಂದ ಹಿಂತೆಗೆದುಕೊಂಡಿತು.

ಎರಡೂ ಪಕ್ಷದವರು ಸಿದ್ಧ ಪತ್ರಗಳನ್ನೇ ಬಳಸಿದರಲ್ಲವೇ, ವ್ಯತ್ಯಾಸವೇನು ಎಂದು ನಮ್ಮ ಯುವಕನೊಬ್ಬ ಕೇಳಿದ. ಪ್ರಶ್ನೆ ಯೋಗ್ಯವಾದದ್ದು. ಮೊದಲನೆಯ ಪತ್ರದಲ್ಲಿ ಕೇಳಿದ ಪ್ರಶ್ನೆಗೆ ಕಾರಣಸಹಿತವಾದ ಉತ್ತರವಿತ್ತು. ಬೇಕಾದವರು ಅದನ್ನು ತಿದ್ದಿ ಕಳುಹಿಸಬಹುದಾಗಿತ್ತು. ಎರಡನೆಯದರಲ್ಲಿ ಕೇಳಿದ ಪ್ರಶ್ನೆಯೇ ಮಾಯವಾಗಿ ಯೋಜನೆಯ ಹೊಗಳಿಕೆ ಮಾತ್ರ ಉಳಿದಿತ್ತು. ಕಳುಹಿಸಿದ ಅನೇಕರಿಗೆ ತಾವು ಯಾವ ನಿಯಮದ ಬಗ್ಗೆ ಮಾತನಾಡುತ್ತಿದ್ದೇವೆಂಬುದೇ ತಿಳಿದಿರಲಾರದು. ಆದರೂ ಮೊದಲನೆಯ 10 ಲಕ್ಷದಲ್ಲಿಯೂ 20 ಪ್ರಶ್ನೆಗಳನ್ನು ನಿಜವಾಗಿ ಓದಿದವರು ಎಷ್ಟು ಮಂದಿಯೋ! ಸಂಖ್ಯೆಯನ್ನು ಕಂಡು ಮರುಳಾಗದೆ ಕಾರಣವನ್ನು ತೂಗಿ ನೋಡಿದ ಅಧಿಕಾರಿಗಳು ಆ ಬಾರಿ ಇದ್ದರೆಂಬುದು ನಮ್ಮ ಪುಣ್ಯ.

ಇನ್ನು ಚುನಾವಣಾ ಪ್ರಚಾರದ ಮಾತು. ಹಿಂದೆ ಸಂತೆಮಾಳದಲ್ಲಿ ಅಭ್ಯರ್ಥಿ ಭಾಷಣ ಮಾಡಿದರೆ ಬೆಂಬಲಿಗನೂ ವಿರೋಧಿಯೂ ಒಂದೇ ಮಾತನ್ನು ಕೇಳುತ್ತಿದ್ದರು. ಆ ಕೇರಿಗೆ ಒಂದು, ಈ ಕೇರಿಗೆ ಇನ್ನೊಂದು ಆಶ್ವಾಸನೆ ಕೊಟ್ಟರೆ ಮರುದಿನವೇ ಚಹಾದಂಗಡಿಯಲ್ಲಿ ಬಯಲಾಗುತ್ತಿತ್ತು. ಈಗ ಪ್ರಚಾರವು ಪ್ರತಿಯೊಬ್ಬನ ಅಂಗೈಗೆ ಬೇರೆಬೇರೆಯಾಗಿ ಬರುತ್ತದೆ. ನನ್ನ ಫೋನಿಗೆ ಬಂದದ್ದು ನಿಮ್ಮ ಫೋನಿಗೆ ಬಂದಿರಬೇಕಾಗಿಲ್ಲ. ನಮ್ಮ ವಯಸ್ಸು, ಊರು, ಭಾಷೆ, ನಾವು ಮೆಚ್ಚಿದ ಚಿತ್ರಗಳು, ಇವೆಲ್ಲವನ್ನೂ ಅರಿತು ಯಾರಿಗೆ ಯಾವ ಭಯವನ್ನು ತೋರಿಸಬೇಕು, ಯಾರಿಗೆ ಯಾವ ಆಸೆಯನ್ನು ತೋರಿಸಬೇಕು ಎಂದು ನಿರ್ಣಯಿಸುವ ವಿದ್ಯೆ ಬೆಳೆದಿದೆ. 2018ರಲ್ಲಿ ಬಯಲಾದ ಕೇಂಬ್ರಿಜ್ ಅನಲಿಟಿಕಾ ಹಗರಣದಲ್ಲಿ ಸುಮಾರು 8.7 ಕೋಟಿ ಫೇಸ್‌ಬುಕ್ ಖಾತೆಗಳ ಮಾಹಿತಿ, ಖಾತೆದಾರರಿಗೆ ಅರಿವಿಲ್ಲದಂತೆ, ರಾಜಕೀಯ ಪ್ರಚಾರದ ವ್ಯಾಪಾರಿಗಳ ಕೈಸೇರಿತ್ತು.

ನಮ್ಮ ಕಾನೂನು ಇದರ ಹಿಂದೆ ಏದುಸಿರು ಬಿಡುತ್ತಾ ಓಡುತ್ತಿದೆ. ಅಭ್ಯರ್ಥಿಗಳು ತಮ್ಮ ಸಾಮಾಜಿಕ ಜಾಲತಾಣ ಖಾತೆಗಳನ್ನು ಪ್ರಕಟಿಸಬೇಕು, ಅಲ್ಲಿಯ ಪ್ರಚಾರದ ಖರ್ಚನ್ನೂ ಲೆಕ್ಕದಲ್ಲಿ ತೋರಿಸಬೇಕೆಂದು ಚುನಾವಣಾ ಆಯೋಗವು 2013ರಲ್ಲಿಯೇ ಸೂಚಿಸಿತು. ಆದರೆ ಅಭ್ಯರ್ಥಿಯ ಹೆಸರಿಲ್ಲದೆ, 'ಅಭಿಮಾನಿಗಳು' ಎಂಬ ಮುಸುಕಿನಲ್ಲಿ ನಡೆಯುವ ಪ್ರಚಾರದ ಲೆಕ್ಕ ಬರೆಯುವವರಾರು? ಮತದಾನಕ್ಕೆ ಮುನ್ನ 48 ಗಂಟೆಗಳ ಮೌನವನ್ನು ವಿಧಿಸುವ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 126ನೆಯ ಪ್ರಕರಣವು ಸಿನಿಮಾ, ದೂರದರ್ಶನಗಳನ್ನು ಹೆಸರಿಸಿದೆ. ಧ್ವನಿವರ್ಧಕ ಸ್ತಬ್ಧವಾದ ಆ ಎರಡು ದಿನಗಳಲ್ಲಿ ನಮ್ಮ ಫೋನುಗಳು ಎಷ್ಟು ಗುಂಯ್‌ಗುಡುತ್ತವೆಂಬುದು ತಮ್ಮೆಲ್ಲರ ಅನುಭವ. ಬದುಕಿರುವ ನಾಯಕರ, ಸತ್ತ ನಾಯಕರ ಕೃತಕ ಧ್ವನಿಗಳೂ ಈಗ ಪ್ರಚಾರಕ್ಕೆ ಇಳಿದಿವೆ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ವದಂತಿಯ ವಿಷಯ. 2012ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಿ. ಅಸ್ಸಾಮಿನ ಕೊಕ್ರಾಜಾರ್ ಭಾಗದಲ್ಲಿ ನಡೆದ ಹಿಂಸೆಯ ಬೆನ್ನಿಗೆ, ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯಗಳ ಜನರ ಮೇಲೆ ಹಲ್ಲೆ ನಡೆಯಲಿದೆಯೆಂಬ ಸಂದೇಶಗಳು ಫೋನಿನಿಂದ ಫೋನಿಗೆ ಹಬ್ಬಿದವು. ಹೋಟೆಲುಗಳಲ್ಲಿ ಬಡಿಸುತ್ತಿದ್ದವರು, ಕಟ್ಟಡಗಳ ಕಾವಲುಗಾರರು, ಕಾಲೇಜಿನ ವಿದ್ಯಾರ್ಥಿಗಳು ಗಂಟುಮೂಟೆ ಕಟ್ಟಿಕೊಂಡು ಸಾವಿರ ಸಾವಿರ ಸಂಖ್ಯೆಯಲ್ಲಿ ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಭಾನುವಾರದ ಪೂಜೆಗೆ ನಗರದ ದೇವಾಲಯಗಳ ಹಿಂದಿನ ಸಾಲಿನಲ್ಲಿ ಬಂದು ನಿಲ್ಲುತ್ತಿದ್ದ ಆ ಮುಖಗಳು ಒಮ್ಮೆಲೇ ಕಾಣದಾದವು. ಕೇಂದ್ರ ಸರ್ಕಾರವು ಹದಿನೈದು ದಿನಗಳ ಮಟ್ಟಿಗೆ ಸಾಮೂಹಿಕ ಸಂದೇಶಗಳನ್ನು ನಿಷೇಧಿಸಿ, ಒಬ್ಬರು ದಿನಕ್ಕೆ ಐದು ಎಸ್ಸೆಮ್ಮೆಸ್ ಮಾತ್ರ ಕಳುಹಿಸಬಹುದೆಂದು ಆಜ್ಞೆ ಮಾಡಿತು. ದೇಶದ ಯಾವ ಭಾಗದಲ್ಲಾದರೂ ಸಂಚರಿಸುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದವು ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. ಯಾವ ಸರ್ಕಾರವೂ ಆ ಹಕ್ಕನ್ನು ರದ್ದುಗೊಳಿಸಿರಲಿಲ್ಲ. ಹೆಸರಿಲ್ಲದ ಒಂದು ಸಂದೇಶ ಅದನ್ನು ಎರಡು ದಿನಗಳಲ್ಲಿ ಕಿತ್ತುಕೊಂಡಿತ್ತು.

ಆರು ವರ್ಷಗಳ ನಂತರ ಇದಕ್ಕಿಂತ ಘೋರವಾದದ್ದು ನಡೆಯಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ 2018ರಲ್ಲಿ ದೇಶಾದ್ಯಂತ ಹಬ್ಬಿತು. ಅದರೊಂದಿಗೆ ಹರಿದಾಡಿದ ಒಂದು ಚಲನಚಿತ್ರದ ತುಣುಕು, ವಾಸ್ತವದಲ್ಲಿ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜನಜಾಗೃತಿಗಾಗಿ ತಯಾರಿಸಿದ್ದು. ಕೊನೆಯ ಭಾಗವನ್ನು ಕತ್ತರಿಸಿ ಹಾಕಿದ್ದರಿಂದ ಎಚ್ಚರಿಕೆಯ ಚಿತ್ರ ಅಪಹರಣದ ಚಿತ್ರವಾಗಿಬಿಟ್ಟಿತು. ಆ ಜುಲೈ 13ರಂದು ನಮ್ಮ ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರ ಗುಂಪೊಂದು ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಸಂಶಯಗೊಂಡವರು ಅವರ ಚಿತ್ರ ತೆಗೆದು ಗುಂಪುಗಳಿಗೆ ಕಳುಹಿಸಿದರು. ಅವರು ಕಾರಿನಲ್ಲಿ ಮುಂದಿನ ಊರಾದ ಮುರ್ಕಿಯನ್ನು ಸೇರುವಷ್ಟರಲ್ಲಿ ಅಲ್ಲಿ ಜನ ಕಾದಿದ್ದರು. ಒಬ್ಬ ಯುವಕ ಪ್ರಾಣ ಕಳೆದುಕೊಂಡ. ಕಾರಿಗಿಂತ ಸುಳ್ಳು ಬೇಗ ಹೋಗಿತ್ತು.

ನಾಲ್ಕೇ ದಿನಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಗುಂಪುಹತ್ಯೆಯನ್ನು ತಡೆಯಲು ಸರ್ಕಾರಗಳಿಗೆ ನಿರ್ದೇಶನಗಳನ್ನು ನೀಡಿತು. ಅದೇ ವಾರ ವಾಟ್ಸಾಪ್ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ಮುಂದೂಡಲಾಗದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಐದು ಅತ್ಯಲ್ಪವೆಂದು ಭಾವಿಸಬೇಡಿ. ಆಗ ಒಂದು ಗುಂಪಿನಲ್ಲಿ 256 ಮಂದಿ ಇರಬಹುದಾಗಿತ್ತು. ಐದು ಗುಂಪೆಂದರೆ 1,280 ಮಂದಿ, ಅವರಲ್ಲಿ ಹತ್ತು ಮಂದಿ ಮತ್ತೆ ಹಾಗೆಯೇ ಮಾಡಿದರೆ ಹನ್ನೆರಡು ಸಾವಿರ ದಾಟಿತು. 2020ರಲ್ಲಿ, ಬಹಳ ಕೈ ದಾಟಿಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಮಾತ್ರ ಕಳುಹಿಸಬಹುದೆಂದು ಮಿತಿಯನ್ನು ಬಿಗಿಮಾಡಲಾಯಿತು; ಇದರಿಂದ ಅಂತಹ ಸಂದೇಶಗಳು ಶೇಕಡಾ 70ರಷ್ಟು ಕಡಿಮೆಯಾದವೆಂದು ಕಂಪನಿಯೇ ಹೇಳಿಕೊಂಡಿತು. ಯಂತ್ರದ ಒಂದು ತಿರುಪನ್ನು ಬಿಗಿಮಾಡಿದರೆ ಇಷ್ಟು ವ್ಯತ್ಯಾಸವಾಗುವುದಾದರೆ, ಆ ತಿರುಪು ಯಾರ ಕೈಯಲ್ಲಿರಬೇಕೆಂಬುದು ಪ್ರಜಾಪ್ರಭುತ್ವದ ಪ್ರಶ್ನೆಯೇ ಆಯಿತು. ಇಂದಿಗೂ ಅದು ಬಹುಮಟ್ಟಿಗೆ ಕಂಪನಿಯ ಕೈಯಲ್ಲಿಯೇ ಇದೆ.

ಆದರೂ ದೋಷವನ್ನೆಲ್ಲ ಯಂತ್ರದ ತಲೆಗೆ ಕಟ್ಟುವುದು ನನಗೆ ಒಪ್ಪಿತವಲ್ಲ. ಪತ್ರಿಕೆಯ ವರದಿಯನ್ನು ಸಂಶಯಿಸುವ ನಾವು ಭಾವಮೈದುನ ಕಳುಹಿಸಿದ್ದನ್ನು ಸಂಶಯಿಸುವುದಿಲ್ಲ. ಅವನಿಗೆ ಯಾರು ಕಳುಹಿಸಿದರೆಂದು ಕೇಳುವುದೂ ಇಲ್ಲ. ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆಯನ್ನು ಬಾಲ್ಯದಿಂದಲೇ ಬಾಯಿಪಾಠ ಮಾಡಿದವರು ನಾವು. 'ನಾನು ಹೇಳಲಿಲ್ಲ, ಬಂದದ್ದನ್ನು ಮುಂದೆ ಕಳುಹಿಸಿದೆ ಅಷ್ಟೇ' ಎಂಬ ಸಮಾಧಾನ ಪಾಪನಿವೇದನೆಯಲ್ಲಿಯೂ ನಡೆಯದು. ದಿವಂಗತ ಪೋಪ್ ಫ್ರಾನ್ಸಿಸರು 2018ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಸುಳ್ಳು ಸುದ್ದಿಯ ವಿಷಯಕ್ಕೇ ಮೀಸಲಿಟ್ಟು, ಆದಿಕಾಂಡದ ಸರ್ಪದ ನಯವಾದ ಮಾತಿನಲ್ಲಿ ಅದರ ಮೂಲವನ್ನು ತೋರಿಸಿದರು. ಧರ್ಮಸಭೆಯು ಈ ಮಾಧ್ಯಮವನ್ನು ಶಪಿಸಿ ದೂರ ನಿಂತಿಲ್ಲವೆಂಬುದನ್ನೂ ಹೇಳಬೇಕು. ಅಂತರಜಾಲದ ನೀತಿಯ ಬಗ್ಗೆ ವ್ಯಾಟಿಕನ್ 2002ರಷ್ಟು ಹಿಂದೆಯೇ ಒಂದು ದಾಖಲೆಯನ್ನು ಹೊರತಂದಿತ್ತು.

ಹಾಗಾದರೆ ಸರ್ಕಾರವೇ ಕಠಿಣವಾಗಿ ಹತ್ತಿಕ್ಕಲಿ ಎನ್ನುವವರಿದ್ದಾರೆ. ಆ ದಾರಿಯನ್ನೂ ನಾವು ನಡೆದು ನೋಡಿದ್ದೇವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಸೇರಿಸಿದ್ದ 66ಎ ಪ್ರಕರಣವು, ಅನ್ಯರಿಗೆ ಕಿರಿಕಿರಿಯಾಗುವಂತಹ ಸಂದೇಶ ಕಳುಹಿಸಿದರೂ ಮೂರು ವರ್ಷ ಸೆರೆವಾಸ ವಿಧಿಸಬಹುದೆಂದು ಹೇಳಿತ್ತು. 2012ರ ನವೆಂಬರ್‌ನಲ್ಲಿ, ನಾಯಕರೊಬ್ಬರ ನಿಧನಾನಂತರ ಮುಂಬಯಿ ಸ್ತಬ್ಧವಾದುದನ್ನು ಪ್ರಶ್ನಿಸಿ ಫೇಸ್‌ಬುಕ್‌ನಲ್ಲಿ ನಾಲ್ಕು ಮಾತು ಬರೆದ ಯುವತಿಯನ್ನೂ, ಅದನ್ನು ಮೆಚ್ಚಿದ ಅವಳ ಗೆಳತಿಯನ್ನೂ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಬಂಧಿಸಲಾಯಿತು. ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ 2015ರ ಮಾರ್ಚ್ 24ರಂದು ನ್ಯಾಯಮೂರ್ತಿ ಚೆಲಮೇಶ್ವರ್ ಮತ್ತು ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಅವರ ಪೀಠವು ಆ ಪ್ರಕರಣವನ್ನು ಸಂಪೂರ್ಣವಾಗಿ ರದ್ದುಗೊಳಿಸಿತು. ಚರ್ಚೆ ಬೇರೆ, ಪ್ರತಿಪಾದನೆ ಬೇರೆ, ಹಿಂಸೆಗೆ ಪ್ರಚೋದನೆ ಬೇರೆ. ಪ್ರಚೋದನೆಯ ಮಟ್ಟ ಮುಟ್ಟಿದಾಗ ಮಾತ್ರ ಪ್ರಭುತ್ವವು ಕೈಹಾಕಬಹುದೆಂಬ ಅದರ ವಿವೇಚನೆಯನ್ನು ನಮ್ಮ ಪ್ರೌಢಶಾಲೆಗಳಲ್ಲಿ ಕಲಿಸಬೇಕೆಂದು ನನ್ನ ಅಭಿಪ್ರಾಯ. ರದ್ದಾದ ಪ್ರಕರಣದಡಿ ಪೊಲೀಸರು ಆಮೇಲೂ ಮೊಕದ್ದಮೆ ಹೂಡುತ್ತಿದ್ದುದನ್ನು ಕಂಡು 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಆಘಾತ ವ್ಯಕ್ತಪಡಿಸಬೇಕಾಯಿತು.

ಅಂತರಜಾಲವನ್ನೇ ಕಡಿದುಹಾಕುವುದು ಇನ್ನೊಂದು ಉಪಾಯ. ಜಮ್ಮು ಮತ್ತು ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ನಿಂತ ವೇಗದ ಸಂಪರ್ಕ ಪೂರ್ಣವಾಗಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಅನಿರ್ದಿಷ್ಟ ಕಾಲದ ಸ್ಥಗಿತ ಸಲ್ಲದು, ಆಜ್ಞೆಗಳನ್ನು ಪ್ರಕಟಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2020ರ ಜನವರಿ 10ರಂದು ಹೇಳಿತು. ಪರೀಕ್ಷೆಯ ನಕಲು ತಡೆಯಲು ಜಿಲ್ಲೆಗಟ್ಟಲೆ ಸಂಪರ್ಕ ಕಡಿದ ರಾಜ್ಯಗಳೂ ಇವೆ! ವದಂತಿ ಹಬ್ಬಿದಾಗ ಸಂಪರ್ಕ ಕಡಿದರೆ, ಅದು ಸುಳ್ಳೆಂದು ತಿಳಿಸುವ ದಾರಿಯೂ ಕಡಿದುಹೋಗುತ್ತದೆ. 1975ರ ಆ ಬೀದಿಯ ಕತ್ತಲೆ ನೆನಪಿರುವ ನನಗೆ ಈ ಮದ್ದಿನಲ್ಲಿ ನಂಬಿಕೆಯಿಲ್ಲ.

ನಮ್ಮ ಧರ್ಮಕೇಂದ್ರದ ವಾಟ್ಸಾಪ್ ಗುಂಪಿನಲ್ಲಿ ಚುನಾವಣಾ ಪ್ರಚಾರ ಬೇಡವೆಂದು ನಾನು ಹೇಳಿದಾಗ ಕೆಲವರು ಬೇಸರಪಟ್ಟರು. ಗುರುಗಳು ನಮ್ಮನ್ನು ರಾಜಕೀಯದಿಂದ ದೂರವಿಡುತ್ತಿದ್ದಾರೆ ಎಂದೂ ಮಾತು ಬಂತು. ಹಾಗಲ್ಲ. ಬೇರೆಬೇರೆ ಪಕ್ಷಗಳಿಗೆ ಮತ ಹಾಕುವವರು ಒಂದೇ ಬೆಂಚಿನಲ್ಲಿ ಕುಳಿತು ಪೂಜೆಯಲ್ಲಿ ಪಾಲುಗೊಳ್ಳುತ್ತೀರಿ. ಸಾವಿನ ಸುದ್ದಿ, ರಕ್ತ ಬೇಕೆಂಬ ಕರೆ ಬರುವ ಆ ಗುಂಪಿನಿಂದ ಯಾರೂ ಮುನಿಸಿಕೊಂಡು ಹೊರಹೋಗಬಾರದೆಂಬುದು ನನ್ನ ಕಾಳಜಿ. ರಾಜಕೀಯ ಮಾಡಲು ನಮಗೆ ಗ್ರಾಮಸಭೆ ಇದೆ, ವಾರ್ಡ್ ಸಭೆ ಇದೆ. ಫೋನಿನಲ್ಲಿ ದಿನವಿಡೀ ಆಡಳಿತವನ್ನು ಟೀಕಿಸುವ ನಮ್ಮವರಲ್ಲಿ ಎಷ್ಟು ಮಂದಿ ಕಳೆದ ಗ್ರಾಮಸಭೆಗೆ ಹೋಗಿದ್ದರೆಂಬುದನ್ನು ತಾವೇ ಲೆಕ್ಕಹಾಕಿ.

ಕೊನೆಯದಾಗಿ, ಇದೇ ಯಂತ್ರದಿಂದ ಹತ್ತು ನಿಮಿಷದಲ್ಲಿ ಆಗುವ ಒಂದು ಕೆಲಸವಿದೆ. ಮತದಾರರ ಪಟ್ಟಿ ಈಗ ಅಂತರಜಾಲದಲ್ಲಿಯೇ ದೊರೆಯುತ್ತದೆ. ಹೊಸದಾಗಿ ಸೇರಲು 6ನೆಯ ನಮೂನೆ, ತಿದ್ದುಪಡಿಗೂ ವಿಳಾಸ ಬದಲಾವಣೆಗೂ 8ನೆಯ ನಮೂನೆ. ಹೆಸರು ತೆಗೆಸಲು, ಇನ್ನೊಬ್ಬರ ಹೆಸರಿಗೆ ಆಕ್ಷೇಪಿಸಲು 7ನೆಯ ನಮೂನೆ. ಆದ್ದರಿಂದ ಹೆಸರು ಒಮ್ಮೆ ಸೇರಿತೆಂದು ನಿಶ್ಚಿಂತರಾಗದೆ ಆಗಾಗ ನೋಡುತ್ತಿರಬೇಕು. 2022ರಿಂದ ಹದಿನೆಂಟು ತುಂಬಿದವರು ಮುಂದಿನ ಜನವರಿಯವರೆಗೆ ಕಾಯಬೇಕಾಗಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ 1ನೆಯ ತಾರೀಖು ನಾಲ್ಕೂ ಅರ್ಹತಾ ದಿನಗಳೇ. ದುಬೈ, ಕುವೈತ್‌ಗಳಲ್ಲಿ ದುಡಿಯುತ್ತಿರುವ ಮಕ್ಕಳ ಹೆಸರು ಏನಾಗಿದೆಯೆಂದು ತಂದೆತಾಯಿಗಳು ನೋಡಿಕೊಳ್ಳಲಿ. ಬರುವ ಭಾನುವಾರ ಎರಡನೆಯ ಪೂಜೆಯ ನಂತರ ಸಭಾಂಗಣದಲ್ಲಿ ಯುವಕ ಸಂಘದವರು ಮೇಜು ಹಾಕಿಕೊಂಡು ಕುಳಿತಿರುತ್ತಾರೆ. ಫೋನು ಬಳಸಲು ಬಾರದ ಹಿರಿಯರು ತಮ್ಮ ಮತದಾರರ ಗುರುತಿನ ಚೀಟಿಯನ್ನು ತಪ್ಪದೆ ತರಬೇಕು, ಕನ್ನಡಕವನ್ನೂ ಮರೆಯಬಾರದು.